ಸಾಕು ಎನ್ನುವ ಅಧಿಕಾರ



ಈ ದತ್ತಿ ಉಪನ್ಯಾಸ ಒಬ್ಬ ಡ್ರಿಲ್ ಮೇಷ್ಟ್ರ ನೆನಪಿನದು. ಸೊಂಟಕ್ಕೆ ಬೆಂಡು ಕಟ್ಟಿ, ಕಲ್ಯಾಣಿಗೆ ಇಳಿಸಿ, ಈ ಊರಿನ ಎರಡು ತಲೆಮಾರಿಗೆ ಈಜು ಕಲಿಸಿದವರು ಅವರು. ಒಂದು ಮಗು ನೀರಿನಲ್ಲಿದ್ದರೂ ಸಾಕು, ಮೇಷ್ಟ್ರು ಮೆಟ್ಟಿಲ ಮೇಲೆ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದರು ಎಂದು ಅವರ ಮಗ ನನಗೆ ಹೇಳಿದರು. ಇಂದಿನ ವಿಷಯ ಹೊಳೆದದ್ದು ಆ ಮಾತಿನಿಂದ. ದೊಡ್ಡ ತಣ್ಣನೆಯ ಸರೋವರವನ್ನು ಒಬ್ಬರೇ ಈಜಿ ದಾಟುವ ಸಾಹಸದ ಬಗ್ಗೆ ಮಾತಾಡುತ್ತೇನೆ. ಈಜುವವರ ಜೊತೆಗೆ, ಅವರನ್ನು ನೋಡುತ್ತ ದೋಣಿಯಲ್ಲಿ ನಿಂತವರ ಬಗ್ಗೆಯೂ ಅಷ್ಟೇ ಮಾತಾಡುವುದಿದೆ.

ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನು ನಾನು. ಚಳಿಗೆ ದೇಹ ಏನು ಮಾಡುತ್ತದೆ ಎಂಬ ಅಧ್ಯಾಯವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಮೈಗೆ ತಿಳಿದದ್ದು ಮಾತ್ರ ಮಗಳ ಮನೆಗೆಂದು ಕೆನಡಾಕ್ಕೆ ಹೋದಾಗ. ಆಕೆ ಇರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿ. ಆ ಭಾಗದಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಬೇಸಿಗೆಯ ಭಾನುವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಆಂಟಾರಿಯೊ ಸರೋವರದ ದಡಕ್ಕೆ ಹೋಗುತ್ತಾರೆ. ಒಂದು ಭಾನುವಾರ ನೀರು ಹಿತವಾಗಿತ್ತು, ಎದೆಮಟ್ಟಕ್ಕೆ ಇಳಿದು ಈಜಿದೆ. ಎರಡು ದಿನ ಬಿಟ್ಟು ಅದೇ ಜಾಗಕ್ಕೆ, ಅಷ್ಟೇ ಬಿಸಿಲಿನಲ್ಲಿ ಹೋದರೆ ಮೊಣಕಾಲುದ್ದ ನೀರಿನಲ್ಲಿ ನಿಲ್ಲಲಾಗದೆ ಹಿಂದಕ್ಕೆ ಬಂದೆ. ಮೂಳೆಯೊಳಗೆ ನೋವು ಹೊಕ್ಕಂತಿತ್ತು. ಎರಡೇ ದಿನದಲ್ಲಿ ಇಷ್ಟು ದೊಡ್ಡ ಸರೋವರ ತಣ್ಣಗಾದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ನೀರನ್ನು ದಾಟಿದವರ ಕಥೆಗೆ ನನ್ನನ್ನು ಕರೆದುಕೊಂಡು ಹೋದದ್ದೂ ಅದೇ ಪ್ರಶ್ನೆ.

ಮೊದಲು ಸರೋವರವನ್ನು ನೋಡೋಣ. ಅಮೆರಿಕ ಮತ್ತು ಕೆನಡಾ ನಡುವಿನ ಐದು ಮಹಾಸರೋವರಗಳಲ್ಲಿ ವಿಸ್ತೀರ್ಣದಲ್ಲಿ ಆಂಟಾರಿಯೊವೇ ಚಿಕ್ಕದು. ಆ ಚಿಕ್ಕದರ ಹರವೇ ಸುಮಾರು 19,000 ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ರಾಜ್ಯದ ಹತ್ತರಲ್ಲೊಂದು ಪಾಲು. ಉದ್ದ 311 ಕಿ.ಮೀ. ಅತಿ ಆಳದ ಜಾಗದಲ್ಲಿ 244 ಮೀಟರ್. ದಕ್ಷಿಣದಿಂದ ನಯಾಗರಾ ನದಿ ಬಂದು ಇದನ್ನು ಸೇರುತ್ತದೆ. ಎದುರು ದಡದಲ್ಲಿ ಟೊರಾಂಟೊ ನಗರ. ನದಿಯ ಬಾಯಿಂದ ನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 51 ಕಿಲೋಮೀಟರ್. ಈಜುವವರು ಸಾಂಪ್ರದಾಯಿಕವಾಗಿ ಹಿಡಿಯುವ ದಾರಿ ಇದೇ.

ಸಿಹಿನೀರಿಗೆ ಒಂದು ಗುಣವಿದೆ. ಅದು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಚಳಿನಾಡಿನ ಇಂಥ ಆಳವಾದ ಸರೋವರದ ತಳದಲ್ಲಿ ಎಂಥ ಬೇಸಿಗೆಯಲ್ಲೂ 4 ಡಿಗ್ರಿ ಆಸುಪಾಸಿನ ನೀರು ಕುಳಿತಿರುತ್ತದೆ. ಬಿಸಿಲು ಕಾಯಿಸುವುದು ಮೇಲಿನ ಹತ್ತಿಪ್ಪತ್ತು ಮೀಟರನ್ನು ಮಾತ್ರ. ಬಾವಿಯಲ್ಲಿ ಮುಳುಗು ಹಾಕಿ ತಳ ಮುಟ್ಟಿದವರಿಗೆಲ್ಲ ಮೇಲಿನ ನೀರು ಬೇರೆ, ಅಡಿಯ ನೀರು ಬೇರೆ ಎಂದು ಗೊತ್ತು. ಬಾವಿಯ ನೀರು ಕದಲುವುದಿಲ್ಲ, ಸರೋವರದ ಪದರಗಳನ್ನು ಗಾಳಿ ಕದಲಿಸುತ್ತದೆ. ಪಶ್ಚಿಮದ ಗಾಳಿ ಉತ್ತರ ದಡದುದ್ದಕ್ಕೂ ಬೀಸಿದಾಗ ಭೂಮಿಯ ತಿರುಗುವಿಕೆಯ ಪ್ರಭಾವದಿಂದ ಮೇಲಿನ ಬೆಚ್ಚನೆಯ ನೀರು ಬಲಕ್ಕೆ, ಎಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಏಳುತ್ತದೆ. ಬೆಚ್ಚಗಿದ್ದ ದಡ ಒಂದೆರಡು ದಿನದಲ್ಲೇ 10 ಡಿಗ್ರಿಗೂ ಕೆಳಗಿಳಿಯಬಹುದು. ನಾನು ಮೊಣಕಾಲಿನಲ್ಲಿ ಅನುಭವಿಸಿದ್ದು ಅದನ್ನೇ.

ಈಜುವವರ ದೃಷ್ಟಿಯಿಂದ ಇದರ ಅರ್ಥ ನೋಡಿ. ಹೊರಡುವ ಜಾಗದಲ್ಲಿ ನಯಾಗರಾದ ನೀರಿದೆ. ಅದು ಬರುವುದು ಈರಿ ಸರೋವರದಿಂದ. ಈರಿ ಆಳವಿಲ್ಲದ್ದು, ಬೇಸಿಗೆಯಲ್ಲಿ ಚೆನ್ನಾಗಿ ಕಾಯುತ್ತದೆ. ನದಿಯ ಸೆಳವೂ ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಶಕ್ತಿ ತುಂಬಿಕೊಂಡಿರುವಾಗ ಸಿಗುವುದು ಬೆಚ್ಚನೆಯ ನೀರು. ಹದಿನೈದು ಇಪ್ಪತ್ತು ಗಂಟೆ ಕಳೆದು, ತೋಳಿನಲ್ಲಿ ಏನೂ ಉಳಿಯದೆ, ಟೊರಾಂಟೊದ ದೀಪಗಳು ಕಾಣತೊಡಗಿದಾಗ ಎದುರಾಗುವುದು ಅಡಿಯಿಂದೆದ್ದ ನೀರು. ಊರು ಹತ್ತಿರವಾದಷ್ಟೂ ಚಳಿ ಹೆಚ್ಚು. ಈ ಸರೋವರದಲ್ಲಿ ಕೊನೆಯ ಐದು ಕಿಲೋಮೀಟರನ್ನು ಮೊದಲ ಐದರ ಲೆಕ್ಕದಲ್ಲಿ ಅಳೆಯಲು ಆಗುವುದಿಲ್ಲ.

ಇದು ಜಗತ್ತಿಗೆ ಗೊತ್ತಾದದ್ದು 1927ರಲ್ಲಿ. ಆ ವರ್ಷದ ಜನವರಿಯಲ್ಲಿ ಜಾರ್ಜ್ ಯಂಗ್ ಎಂಬ ಟೊರಾಂಟೊದ ಹದಿಹರೆಯದ ಹುಡುಗ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ಕಾಲುವೆಯ ಸ್ಪರ್ಧೆಯಲ್ಲಿ ಒಬ್ಬನೇ ಗುರಿ ಮುಟ್ಟಿ ದೊಡ್ಡ ಹೆಸರು ಮಾಡಿದ್ದ. ಅದೇ ಬೇಸಿಗೆಯ ಕೊನೆಯಲ್ಲಿ ಟೊರಾಂಟೊದ ಕೆನಡಿಯನ್ ನ್ಯಾಷನಲ್ ಎಕ್ಸಿಬಿಷನ್ ಎಂಬ ವಸ್ತುಪ್ರದರ್ಶನದವರು ಅವನ ಊರಿನಲ್ಲೇ, ಆಂಟಾರಿಯೊ ಸರೋವರದಲ್ಲಿ, 21 ಮೈಲಿಯ ಸ್ಪರ್ಧೆ ಇಟ್ಟರು. ನೂರಕ್ಕೂ ಹೆಚ್ಚು ಜನ ನೀರಿಗೆ ಧುಮುಕಿದರು. ಚಳಿ ಬಹುಪಾಲು ಎಲ್ಲರನ್ನೂ ದೋಣಿಗೆ ಎಳೆಸಿತು, ಯಂಗ್‌ನನ್ನು ಕೂಡ. ಗೆದ್ದವರು ಜರ್ಮನಿಯ ಅರ್ನ್ಸ್ಟ್ ಫಿಯರ್‌ಕೋಟರ್. ಯಂಗ್ ಹೊರಬಂದನೆಂದು ಅವನನ್ನು ಆರಾಧಿಸುತ್ತಿದ್ದ ಜನರೇ ಬೇಸರಿಸಿಕೊಂಡರು. ಅವನಿಗೆ ಆಗ ವಯಸ್ಸು ಇಪ್ಪತ್ತೂ ಆಗಿರಲಿಲ್ಲ. ನೀರಿನಿಂದ ಹೊರಗೆ ಬರುವುದು ಸೋಲು ಎನ್ನುವ ಭಾವನೆ ಅಷ್ಟು ಹಳೆಯದು, ಅಷ್ಟೇ ಅಪಾಯಕಾರಿ.

ಚಳಿನೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಳಿದೆಲ್ಲ ವಾದ ನಿಂತಿರುವುದು ಅದರ ಮೇಲೆ.

ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 18 ಡಿಗ್ರಿಯ ಕೋಣೆಯಲ್ಲಿ ಒಂದು ಶಾಲು ಸಾಕು. 18 ಡಿಗ್ರಿಯ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೆ ಮೈ ಒಳಗಿನಿಂದ ತಣ್ಣಗಾಗುತ್ತ ಹೋಗುತ್ತದೆ. ಇನ್ನೂ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದವರ ಮೊದಲ ಶತ್ರು ಚಳಿಯಿಂದ ಬರುವ ಆಘಾತ. ಚರ್ಮ ಒಮ್ಮೆಲೇ ತಂಪಾದಾಗ ತಡೆಯಲಾಗದ ಒಂದು ದೊಡ್ಡ ಉಸಿರೆಳೆತ ಬರುತ್ತದೆ, ಹಿಂದೆಯೇ ಏದುಸಿರು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಒಳಹೋಗುವುದು ನೀರೇ. ತಣ್ಣನೆಯ ನೀರಿನಲ್ಲಿ ಸಾಯುವವರಲ್ಲಿ ಬಹಳಷ್ಟು ಜನ ಮೈ ತಣ್ಣಗಾಗಿ ಸಾಯುವುದಿಲ್ಲ, ಈ ಮೊದಲ ನಿಮಿಷಗಳಲ್ಲೇ ಮುಳುಗಿ ಸಾಯುತ್ತಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಈ ವಿಷಯದಲ್ಲಿ ದಶಕಗಳ ಕಾಲ ಪ್ರಯೋಗ ಮಾಡಿದವರು. ಐದಾರು ಸಲ, ಒಂದೊಂದು ಸಲಕ್ಕೆ ಎರಡು ಮೂರು ನಿಮಿಷ ತಣ್ಣೀರಿನಲ್ಲಿ ಇದ್ದು ರೂಢಿ ಮಾಡಿಕೊಂಡರೆ ಈ ಆಘಾತ ಅರ್ಧದಷ್ಟು ತಗ್ಗುತ್ತದೆ ಎಂದು ಅವರು ತೋರಿಸಿದ್ದಾರೆ. ದೇಹ ಇಷ್ಟು ಬೇಗ ಕಲಿಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನೆಲ್ಲ ಮೂರು ಅಂಕಿಗಳಲ್ಲಿ ಹೇಳಿಕೊಡುತ್ತಾರೆ: ಒಂದು, ಹತ್ತು, ಒಂದು. ಹಿಮದಷ್ಟು ತಣ್ಣನೆಯ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟಾಣಿಗಳೇ, ಇದನ್ನು ನೆನಪಿಟ್ಟುಕೊಳ್ಳಿ. ನೀರಿಗೆ ಬಿದ್ದರೆ ಮೊದಲ ನಿಮಿಷ ಈಜಲು ಒದ್ದಾಡಬಾರದು. ತೇಲುತ್ತಾ ಉಸಿರನ್ನು ಹಿಡಿತಕ್ಕೆ ತರಬೇಕು.

ದೂರದ ಈಜುಗಾರರು ಮೊದಲ ಹಂತವನ್ನು ಅಭ್ಯಾಸದಿಂದ ದಾಟಿರುತ್ತಾರೆ. ಅವರ ಹೋರಾಟ ಗಂಟೆಗಟ್ಟಲೆಯದು. ಚರ್ಮದ ರಕ್ತನಾಳಗಳು ಕುಗ್ಗಿ ಬಿಸಿರಕ್ತವನ್ನು ಒಡಲಿನ ಕಡೆಗೆ ಎಳೆದುಕೊಳ್ಳುತ್ತವೆ. ತೋಳು, ಬೆರಳು ತಂಪಾಗುತ್ತವೆ, ನರಗಳಲ್ಲಿ ಸಂದೇಶ ಹರಿಯುವ ವೇಗ ಕುಗ್ಗುತ್ತದೆ. ಜೋಡಿಸಿಟ್ಟುಕೊಂಡ ಬೆರಳುಗಳು ತಾವೇ ಬಿಡಿಸಿಕೊಂಡು ಹಕ್ಕಿಯ ಉಗುರಿನಂತೆ ಬಾಗುತ್ತವೆ, ಅಂಗೈ ನೀರನ್ನು ಹಿಡಿಯುವುದಿಲ್ಲ. ಮೈಯನ್ನು ಕಾಯಿಸುತ್ತಿರುವುದು ಸ್ನಾಯುಗಳ ದುಡಿಮೆ ಒಂದೇ. ಆ ದುಡಿಮೆಗೆ ಸಕ್ಕರೆ ಬೇಕು. ಒಡಲಿನ ಸಕ್ಕರೆ ಮುಗಿದರೆ ತೋಳು ನಿಧಾನವಾಗುತ್ತದೆ, ತೋಳು ನಿಧಾನವಾದರೆ ಶಾಖ ಇಳಿಯುತ್ತದೆ, ಶಾಖ ಇಳಿದರೆ ತೋಳು ಇನ್ನೂ ನಿಧಾನ. ಅದಕ್ಕೇ ದೋಣಿಯಿಂದ ಗಳಕ್ಕೆ ಸಿಕ್ಕಿಸಿದ ಲೋಟದಲ್ಲೋ ಹಗ್ಗಕ್ಕೆ ಕಟ್ಟಿದ ಬಾಟಲಿಯಲ್ಲೋ ಆಗಾಗ ಆಹಾರ ಕೊಡುತ್ತಿರಬೇಕು. ದೋಣಿಯನ್ನು ಮುಟ್ಟುವ ಹಾಗಿಲ್ಲ, ಯಾರೂ ಕೈಹಿಡಿಯುವ ಹಾಗಿಲ್ಲ. ಮುಟ್ಟಿದರೆ ಅಲ್ಲಿಗೆ ಈಜು ಮುಗಿಯಿತು.

ಒಡಲಿನ ಉಷ್ಣತೆ 37ರಿಂದ 35 ಡಿಗ್ರಿಗಿಂತ ಕೆಳಗೆ ಇಳಿದಾಗ ಕೆಡುವುದು ಬುದ್ಧಿ. ನಾಲಿಗೆ ತೊದಲುತ್ತದೆ, ಎಣಿಕೆ ತಪ್ಪುತ್ತದೆ, ದಿಕ್ಕು ತಿಳಿಯುವುದಿಲ್ಲ. ಇನ್ನೂ ಇಳಿದಾಗ ನಡುಕವೇ ನಿಲ್ಲುತ್ತದೆ. ನಡುಕ ನಿಂತವರಿಗೆ ತಾವು ಸುಧಾರಿಸಿಕೊಂಡೆವು ಅನ್ನಿಸಬಹುದು. ಕೆಲವರಿಗೆ ಮೈ ಬೆಚ್ಚಗಾದ ಹಾಗೂ ಆಗುತ್ತದೆ, ಹಿಮದಲ್ಲಿ ಸಿಕ್ಕಿಕೊಂಡವರು ಸಾಯುವ ಮುನ್ನ ತಾವೇ ಬಟ್ಟೆ ಕಳಚಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಹೊಟ್ಟೆನೋವು ಬಂದವನು ಹೊಟ್ಟೆನೋವೆಂದು ಹೇಳಬಲ್ಲ. ಚಳಿಯ ಸ್ವಭಾವ ಹಾಗಲ್ಲ, ಅದು ಮೊದಲು ಕಸಿಯುವುದು ಅಪಾಯವನ್ನು ಅಳೆಯುವ ಶಕ್ತಿಯನ್ನೇ. ನೀವು ಸರಿಯಾಗಿದ್ದೀರಾ ಎಂದು ಕೇಳಿದರೆ ಸರಿಯಾಗಿದ್ದೇನೆ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ, ಹೇಳುವವರು ಅದನ್ನು ನಂಬಿರುತ್ತಾರೆ.

ಹಾಗಾದರೆ ಸಾಕು ಎಂದು ಹೇಳಬೇಕಾದವರು ಯಾರು? ಈಜುವವರು ಹೇಳಲಾರರು. ದೋಣಿಯಲ್ಲಿರುವವರು ಹೇಳಬೇಕು. ನನಗೆ ತೋಚುವಂತೆ ಈ ಸಾಹಸದ ನೈತಿಕತೆಯೆಲ್ಲ ಇಲ್ಲಿದೆ. ನೀರಿಗಿಳಿಯುವ ಮುನ್ನ, ತಲೆ ಸರಿಯಿರುವಾಗಲೇ, ನನ್ನನ್ನು ನಿಲ್ಲಿಸುವ ಅಧಿಕಾರ ನಿಮ್ಮದು ಎಂದು ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಆ ಇನ್ನೊಬ್ಬರು ಅದನ್ನು ಯಾರ ಮುಖ ನೋಡಿಯೂ ಬಿಟ್ಟುಕೊಡಬಾರದು.

ಈ ಅಧಿಕಾರ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು 1954ರ ಸೆಪ್ಟೆಂಬರ್ 8 ಮತ್ತು 9ರಂದು. 1927ರ ಸ್ಪರ್ಧೆ ಇಟ್ಟ ಅದೇ ವಸ್ತುಪ್ರದರ್ಶನದವರು ಅಮೆರಿಕದ ಫ್ಲಾರೆನ್ಸ್ ಚಾಡ್ವಿಕ್‌ಗೆ ಒಂದು ಆಹ್ವಾನ ಕೊಟ್ಟರು: ಆಂಟಾರಿಯೊ ಸರೋವರವನ್ನು ದಾಟಿದರೆ 10,000 ಡಾಲರ್. ಇಂಗ್ಲಿಷ್ ಕಾಲುವೆಯನ್ನು ಎರಡೂ ದಿಕ್ಕಿನಿಂದ ದಾಟಿದ ಮೊದಲ ಮಹಿಳೆ ಆಕೆ, ಆಗ ವಯಸ್ಸು 35. ಕೆನಡಾದವರಿಗೂ ಒಂದು ಅವಕಾಶ ಬೇಡವೇ ಎಂದು ಇಬ್ಬರು ತಾವಾಗಿ ನೀರಿಗಿಳಿದರು. ಒಬ್ಬರು 1951ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ವಿನಿ ರೋಚ್ ಲೂಸ್ಲರ್. ಇನ್ನೊಬ್ಬಳು ಟೊರಾಂಟೊದ ಶಾಲಾ ಹುಡುಗಿ ಮೆರಿಲಿನ್ ಬೆಲ್. ವಯಸ್ಸು 16. ಬಹುಮಾನದ ಮಾತು ಅವಳಿಗೆ ಅನ್ವಯಿಸುತ್ತಿರಲಿಲ್ಲ.

ಅವಳ ಕೋಚ್ ಗಸ್ ರೈಡರ್, ಲೇಕ್‌ಶೋರ್ ಈಜು ಕ್ಲಬ್ಬಿನವರು. ಪೋಲಿಯೊದಿಂದ ಕಾಲು ಸೋತ ಮಕ್ಕಳಿಗೂ ಈಜು ಕಲಿಸುತ್ತಿದ್ದವರು. ಆ ಮಕ್ಕಳಿಗೆ ಹೇಳಿಕೊಡಲು ಮೆರಿಲಿನ್ ಕೈಜೋಡಿಸುತ್ತಿದ್ದಳು. ಅದೇ ಜುಲೈನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ 26 ಮೈಲಿಯ ಸಮುದ್ರಸ್ಪರ್ಧೆಯನ್ನು ಮುಗಿಸಿ ಬಂದಿದ್ದಳು. ಆದರೂ ಸರೋವರ ಬೇರೆ. ಸಮುದ್ರದ ಉಪ್ಪು ನೀರು ಮೈಯನ್ನು ಎತ್ತಿ ಹಿಡಿಯುವಷ್ಟು ಸಿಹಿನೀರು ಎತ್ತುವುದಿಲ್ಲ. ಸರೋವರದ ಅಲೆಗಳು ಗಿಡ್ಡ, ಕಡಿದು, ಒಂದರ ಬೆನ್ನಿಗೊಂದು ಬರುತ್ತವೆ, ತಲೆ ತಿರುಗಿಸಿ ಉಸಿರೆಳೆಯುವಷ್ಟು ಬಿಡುವು ಕೊಡುವುದಿಲ್ಲ.

ಅಮೆರಿಕದ ಕಡೆಯ ಯಂಗ್ಸ್‌ಟೌನ್‌ನಿಂದ, ರಾತ್ರಿ 11 ಗಂಟೆ ಹೊಡೆದ ಮೇಲೆ, ಕಗ್ಗತ್ತಲಲ್ಲಿ ನೀರಿಗೆ ಇಳಿದಳು. ಮುಂದೆ ರೈಡರ್ ಅವರ ದೋಣಿ. ಕತ್ತಲಲ್ಲಿ ಏನೋ ಬಂದು ಮೈಗೆ ಅಂಟಿಕೊಂಡಿತು: ಲ್ಯಾಂಪ್ರಿ. ಹಾವಿನಂತೆ ಉದ್ದಕ್ಕಿರುವ, ದವಡೆಯಿಲ್ಲದ, ದುಂಡು ಬಾಯಿಯಿಂದ ಮೀನುಗಳಿಗೆ ಕಚ್ಚಿಕೊಂಡು ರಕ್ತ ಹೀರುವ ಜೀವಿ. ಆ ಕಾಲದಲ್ಲಿ ಮಹಾಸರೋವರಗಳ ಮೀನುಗಾರಿಕೆಯನ್ನೇ ಹಾಳುಗೆಡವುತ್ತಿತ್ತು. ಹುಡುಗಿ ಅದನ್ನು ಗುದ್ದಿ ಬಿಡಿಸಿಕೊಂಡು ಮುಂದೆ ಈಜಿದಳು.

ಚಾಡ್ವಿಕ್‌ಗೆ ಅಲೆಗಳ ಹೊಯ್ದಾಟದಿಂದ ವಾಂತಿ ಶುರುವಾಗಿ, ಕೆಲವು ಗಂಟೆಗಳ ಮೇಲೆ ದೋಣಿ ಹತ್ತಿದರು. ಲೂಸ್ಲರ್ ಕೂಡ ನಡುವೆ ನಿಲ್ಲಿಸಬೇಕಾಯಿತು. ಉಳಿದದ್ದು ಈ ಹುಡುಗಿ ಒಬ್ಬಳೇ. ಗಾಳಿ ಏರಿತು. ಅಲೆಗಳು 15 ಅಡಿಯವರೆಗೂ ಎದ್ದವೆಂದು ಪತ್ರಿಕೆಗಳು ಬರೆದವು. ನೀರು ಸುಮಾರು 18 ಡಿಗ್ರಿ. ರೈಡರ್ ಕೊಡುತ್ತಿದ್ದದ್ದು ಕಾರ್ನ್ ಸಿರಪ್, ನಿಂಬೆರಸ ಬೆರೆಸಿದ ನೀರು, ಎಳೆಮಕ್ಕಳಿಗೆ ಉಣಿಸುವ ಪ್ಯಾಬ್ಲಮ್ ಎಂಬ ಧಾನ್ಯದ ಗಂಜಿ. ಕೂಗಿದರೆ ಕೇಳದಷ್ಟು ಗಾಳಿ, ಹಾಗಾಗಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಎತ್ತಿ ಹಿಡಿಯುತ್ತಿದ್ದರು. ಚಾಡ್ವಿಕ್ ಹೊರಬಂದ ಸುದ್ದಿ ಅವಳಿಗೆ ತಿಳಿದದ್ದು ಆ ಹಲಗೆಯಿಂದ. ಕ್ಲಬ್ಬಿನ ಗೆಳತಿಯೊಬ್ಬಳು ನೀರಿಗೆ ಹಾರಿ ಸ್ವಲ್ಪ ದೂರ ಪಕ್ಕದಲ್ಲೇ ಈಜಿ ಹುರುಪು ಕೊಟ್ಟಳು. ದಡದಲ್ಲಿ ರೇಡಿಯೊ ಗಂಟೆಗಂಟೆಗೂ ಸುದ್ದಿ ಹೇಳುತ್ತಿತ್ತು, ಟೊರಾಂಟೊದ ಎರಡು ಪತ್ರಿಕೆಗಳು ಪೈಪೋಟಿಯಲ್ಲಿ ವಿಶೇಷ ಸಂಚಿಕೆ ತರುತ್ತಿದ್ದವು, ಜನ ಕಚೇರಿ ಬಿಟ್ಟು ನೀರಿನ ಕಡೆ ನಡೆದರು. ಸಂಜೆಯ ಹೊತ್ತಿಗೆ ದಡದಲ್ಲಿ ಎರಡೂವರೆ ಲಕ್ಷ ಜನ ಇದ್ದರು ಎಂಬುದು ಅಂದಿನ ಅಂದಾಜು.

ಆ ಸಂಜೆಯ ಕೊನೆಯ ಗಂಟೆಗಳು ನನ್ನನ್ನು ಕಾಡುತ್ತವೆ. ಕಣ್ಣು ಮುಚ್ಚಿಹೋಗುತ್ತಿತ್ತು, ತೋಳು ಎತ್ತುವುದು ನಿಧಾನವಾಗಿತ್ತು, ನಿದ್ದೆಗೆ ಜಾರುತ್ತಿದ್ದಳು. ತಂದೆತಾಯಿ ಹಿಂಬಾಲಿಸುತ್ತಿದ್ದ ದೋಣಿಯಲ್ಲಿದ್ದರು. ಹಾಗೆ ತೇಲುತ್ತಿರುವ ಮಗಳನ್ನು ನೋಡುತ್ತ ಕೂರುವುದು ಯಾವ ತಂದೆತಾಯಿಗೆ ಸಾಧ್ಯ? ರೈಡರ್ ಅವಳನ್ನು ಎತ್ತಿಸಲಿಲ್ಲ. ಆ ತೋಳುಗಳನ್ನು ವರ್ಷಗಳಿಂದ ದಿನವೂ ನೋಡಿದವರು ಅವರು, ಇದು ದಣಿವೋ ಅಪಾಯವೋ ಎಂದು ತಾವು ಓದಬಲ್ಲೆವೆಂದು ನಂಬಿದರು. ಸೆಪ್ಟೆಂಬರ್ 9ರ ರಾತ್ರಿ ಎಂಟು ದಾಟಿದ ಮೇಲೆ, ಸುಮಾರು 21 ಗಂಟೆಗಳ ಈಜಿನ ಕೊನೆಗೆ, ಸನ್ನಿಸೈಡ್ ಹತ್ತಿರದ ಅಲೆತಡೆ ಗೋಡೆಯನ್ನು ಅವಳ ಕೈ ಮುಟ್ಟಿತು. ಆಂಟಾರಿಯೊ ಸರೋವರವನ್ನು ಈಜಿ ದಾಟಿದ ಮೊದಲ ಮನುಷ್ಯಜೀವಿ ಆ ಹುಡುಗಿ. ಗಾಳಿ ದಾರಿ ತಪ್ಪಿಸಿದ್ದರಿಂದ ಈಜಿದ ದೂರ 51 ಕಿಲೋಮೀಟರಿಗಿಂತ ಎಷ್ಟೋ ಹೆಚ್ಚು. 10,000 ಡಾಲರನ್ನು ವಸ್ತುಪ್ರದರ್ಶನದವರು ಅವಳಿಗೇ ಕೊಟ್ಟರು. ಅಲ್ಲಿನ ದಡದ ಉದ್ಯಾನಕ್ಕೆ ಈಗ ಮೆರಿಲಿನ್ ಬೆಲ್ ಪಾರ್ಕ್ ಎಂದೇ ಹೆಸರು.

ರೈಡರ್ ಮಾಡಿದ್ದು ಸರಿಯೇ? ಗೆದ್ದದ್ದರಿಂದ ಸರಿ ಎಂದುಬಿಡುವುದು ಸುಲಭ, ಆದರೆ ಫಲ ನೋಡಿ ನಿರ್ಧಾರವನ್ನು ಅಳೆಯುವುದು ವೈದ್ಯನಿಗೆ ಒಪ್ಪುವ ಕ್ರಮವಲ್ಲ. ಅವರ ಕೈಯಲ್ಲಿದ್ದದ್ದು ಕಣ್ಣು ಮತ್ತು ಅನುಭವ ಮಾತ್ರ. ಎರಡೂವರೆ ಲಕ್ಷ ಜನರ ನಿರೀಕ್ಷೆ, ಪತ್ರಿಕೆಗಳ ಗದ್ದಲ, ಇಡೀ ದೇಶದ ಆಸೆ ಆ ಸಣ್ಣ ದೋಣಿಯ ಮೇಲೆ ಕುಳಿತಿತ್ತು. ಅಂಥ ಭಾರದ ಕೆಳಗೆ ಒಬ್ಬರೇ ಮನುಷ್ಯರನ್ನು ನಿರ್ಧಾರಕ್ಕೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೀತಿಸುವವರು ತುಂಬ ಬೇಗ ಎತ್ತಿಸಬಹುದು, ಗೆಲುವು ಬಯಸುವವರು ತುಂಬ ತಡವಾಗಿ ಎತ್ತಿಸಬಹುದು. ಹಾಗಾಗಿ ಎರಡೂ ಅಲ್ಲದ ಮೂರನೆಯವರು ದೋಣಿಯಲ್ಲಿರಬೇಕು.

ಈ ಪಾಠಕ್ಕೆ ತೆತ್ತ ಬೆಲೆ ಒಂದು ಜೀವ. 1974ರಲ್ಲಿ ಸರೋವರ ದಾಟಲು ಹೊರಟ ಈಜುಗಾರನೊಬ್ಬ ಸತ್ತ. ಮರುವರ್ಷವೇ, 1975ರಲ್ಲಿ, ಸೋಲೊ ಸ್ವಿಮ್ಸ್ ಆಫ್ ಆಂಟಾರಿಯೊ ಎಂಬ ಸಂಸ್ಥೆ ಹುಟ್ಟಿತು. ಇಂದು ಈ ಸರೋವರ ದಾಟಬೇಕೆನ್ನುವವರು ವೈದ್ಯರ ತಪಾಸಣೆ ಮಾಡಿಸಿಕೊಂಡು, ದೂರದ ಪರೀಕ್ಷಾ ಈಜನ್ನು ಮುಗಿಸಿ ತೋರಿಸಿ ಈ ಸಂಸ್ಥೆಯಿಂದ ಒಪ್ಪಿಗೆ ಪಡೆಯಬೇಕು. ಜೊತೆಗೆ ಸಂಸ್ಥೆಯ ಕಡೆಯಿಂದ ಸ್ವಿಮ್ ಮಾಸ್ಟರ್ ಒಬ್ಬರು ದೋಣಿಯಲ್ಲಿ ಬರುತ್ತಾರೆ. ಇವರು ಕೋಚ್ ಅಲ್ಲ, ಬಂಧುವಲ್ಲ. ನಿಲ್ಲಿಸಿ ಎಂದು ಅವರು ಹೇಳಿದರೆ ನಿಲ್ಲಿಸಬೇಕು, ಮೇಲ್ಮನವಿ ಇಲ್ಲ. ರೈಡರ್‌ಗೆ ಅಂದು ಇಲ್ಲದಿದ್ದ ಆಸರೆ ಇದು.

ದೋಣಿಯವರು ಏನನ್ನು ನೋಡುತ್ತಾರೆ? ಒಂದು ನಿಮಿಷಕ್ಕೆ ಎಷ್ಟು ಸಲ ತೋಳು ಬೀಸುತ್ತಾರೆಂದು ಎಣಿಸಿ ಬರೆಯುತ್ತಾ ಹೋಗುತ್ತಾರೆ. ಆ ಎಣಿಕೆ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಸಮಾಧಾನ, ಗಂಟೆಗೆ ಗಂಟೆಗೆ ಇಳಿಯುತ್ತಿದ್ದರೆ ಎಚ್ಚರ. ಮೈ ನೀರಿನಲ್ಲಿ ಅಡ್ಡಲಾಗಿದೆಯೋ, ಕಾಲು ಕೆಳಕ್ಕೆ ಜೋತುಬಿದ್ದು ಓರೆಯಾಗುತ್ತಿದೆಯೋ ನೋಡುತ್ತಾರೆ. ತುಟಿಯ ಬಣ್ಣ ನೋಡುತ್ತಾರೆ. ಆಹಾರ ಕೊಡುವಾಗ ಪ್ರಶ್ನೆ ಕೇಳುತ್ತಾರೆ: ಮನೆಯ ಫೋನ್ ನಂಬರ್ ಏನು, ನಾಯಿಯ ಹೆಸರೇನು, ಇಂದು ಯಾವ ವಾರ? ಚೆನ್ನಾಗಿದ್ದೀಯಾ ಎಂಬ ಪ್ರಶ್ನೆಯ ಉತ್ತರವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಂಬರಿನ ಅಂಕಿ ತಪ್ಪಿದರೆ, ಉತ್ತರ ಬರಲು ತಡವಾದರೆ, ಸಿಟ್ಟಿನಿಂದ ಬಂದರೆ, ಮಿದುಳು ತಣ್ಣಗಾಗುತ್ತಿದೆ.

ಎತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. ನೀರು ಸುತ್ತಲಿಂದ ಒತ್ತುತ್ತಾ ಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತಿರುತ್ತದೆ. ತಣ್ಣಗಾದವರನ್ನು ನೆಟ್ಟಗೆ ಎಳೆದು ಹೊರತೆಗೆದರೆ ಆ ಒತ್ತಡ ತಟ್ಟನೆ ಹೋಗಿ, ರಕ್ತ ಕಾಲಿಗಿಳಿದು, ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು, ಹೃದಯವೇ ನಿಲ್ಲಬಹುದು. ಅದಕ್ಕೇ ಸಾಧ್ಯವಾದಷ್ಟೂ ಮಲಗಿದ ಭಂಗಿಯಲ್ಲೇ ಎತ್ತಬೇಕು. ಹೊರಬಂದ ಅರ್ಧ ಗಂಟೆಯವರೆಗೂ ಒಡಲಿನ ಉಷ್ಣತೆ ಇಳಿಯುತ್ತಲೇ ಇರಬಹುದು. ದಡದಲ್ಲಿ ನಗುತ್ತ ಫೋಟೊಗೆ ನಿಂತವರು ಹತ್ತು ನಿಮಿಷದ ಮೇಲೆ ಗಡಗಡ ನಡುಗಿ ಬೀಳುವುದು ಇದರಿಂದ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಬೇಕು, ತಲೆಗೂ ಟೋಪಿ ಹಾಕಬೇಕು. ಕೈಕಾಲು ತಿಕ್ಕಬಾರದು, ಬಿಸಿನೀರಿನ ತೊಟ್ಟಿಗೆ ಇಳಿಸಬಾರದು, ಬ್ರಾಂದಿ ಕೊಡಲೇಬಾರದು. ಎಚ್ಚರವಿದ್ದು ನುಂಗಬಲ್ಲವರಾದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಬಹುದು. ಮಲೆನಾಡಿನ ಮಳೆಗಾಲದ ಹೊಳೆಯಿಂದ ಯಾರನ್ನಾದರೂ ಎತ್ತಿದಾಗಲೂ ಇದೇ ಕ್ರಮ, ಆದ್ದರಿಂದ ಇಷ್ಟು ಬಿಡಿಸಿ ಹೇಳಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ರಜೆಯಲ್ಲಿ ಕೆರೆಗೆ, ಕ್ವಾರಿ ಹೊಂಡಕ್ಕೆ ಇಳಿಯುವ ಹುಡುಗರ ಪಕ್ಕದಲ್ಲಿ ನೋಡುತ್ತ ನಿಂತ ಒಬ್ಬ ದೊಡ್ಡವರು ಬಹುಪಾಲು ಇರುವುದೇ ಇಲ್ಲ.

ಚಾಡ್ವಿಕ್ ಬಗ್ಗೆ ಒಂದು ಮಾತು ಹೇಳಲೇಬೇಕು. 1952ರ ಜುಲೈ 4ರಂದು ಅವರು ಕ್ಯಾಟಲಿನಾ ಕಾಲುವೆಯಲ್ಲಿ ದಟ್ಟ ಮಂಜಿನ ನಡುವೆ ಸುಮಾರು 16 ಗಂಟೆ ಈಜಿ, ದಡ ಕಾಣದೆ, ತಾವೇ ದೋಣಿ ಹತ್ತಿದರು. ಆಮೇಲೆ ಗೊತ್ತಾಯಿತು, ದಡ ಒಂದು ಮೈಲಿಯೂ ಇರಲಿಲ್ಲ. ಗುರಿ ಕಣ್ಣಿಗೆ ಕಾಣದಿದ್ದರೆ ಮನುಷ್ಯ ಸೋಲುತ್ತಾನೆ ಎಂದು ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಈ ಕಥೆಯನ್ನು ಹೇಳುತ್ತಾರೆ. ನನಗೆ ಅದು ಆ ಹೆಂಗಸಿಗೆ ಮಾಡುವ ಅನ್ಯಾಯವಾಗಿ ಕಾಣುತ್ತದೆ. 16 ಗಂಟೆ ತಣ್ಣೀರಿನಲ್ಲಿದ್ದು, ಸಾಕು ಎಂದು ತಾವೇ ಹೇಳುವಷ್ಟು ಎಚ್ಚರ ಉಳಿಸಿಕೊಂಡಿದ್ದದ್ದನ್ನು ದೌರ್ಬಲ್ಯ ಎನ್ನುವುದು ಹೇಗೆ? ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಇಳಿದು ಹದಿನಾಲ್ಕು ಗಂಟೆಯೊಳಗೆ ಆ ಕಾಲುವೆಯನ್ನು ದಾಟಿದರು. ನಮ್ಮ ಆರತಿ ಸಾಹಾ ಅವರನ್ನು ನೋಡಿ. 1959ರ ಆಗಸ್ಟ್ ಕೊನೆಯಲ್ಲಿ ಇಂಗ್ಲಿಷ್ ಕಾಲುವೆಯ ಮೊದಲ ಪ್ರಯತ್ನದಲ್ಲಿ ಇಂಗ್ಲೆಂಡಿನ ದಡ ಹತ್ತಿರವಿದ್ದಾಗಲೇ ನಿಲ್ಲಿಸಬೇಕಾಯಿತು. ಸೆಪ್ಟೆಂಬರ್ 29ರಂದು ದಾಟಿ, ಆ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ದಡದ ಹತ್ತಿರವೇ ನಿಲ್ಲಿಸಿದ ಇಬ್ಬರೂ ಬದುಕಿದ್ದು ಮತ್ತೆ ನೀರಿಗಿಳಿದರು.

ಆಂಟಾರಿಯೊದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1987ರಲ್ಲಿ ವಿಕಿ ಕೀತ್ ಎಂಬ ಈಜುಗಾರ್ತಿ ಈ ಸರೋವರವನ್ನು ದಾಟಿ, ಅಲ್ಲಿಂದಲೇ ತಿರುಗಿ ಈಜಿ ಮರಳಿದರು; ಹೋಗಿ ಬರಲು ಹಿಡಿದದ್ದು ಸುಮಾರು 56 ಗಂಟೆ. ಮರುವರ್ಷ ಎರಡೇ ತಿಂಗಳಲ್ಲಿ ಐದೂ ಮಹಾಸರೋವರಗಳನ್ನು ದಾಟಿದರು, ಐದರಲ್ಲಿ ಅತಿ ತಣ್ಣನೆಯದಾದ ಸುಪೀರಿಯರ್ ಸೇರಿ. ಆ ಈಜುಗಳಿಂದ ಬಂದ ಹಣ ಅಂಗವಿಕಲ ಮಕ್ಕಳಿಗೆ ಹೋಯಿತು. 2012ರಲ್ಲಿ ಅನಲೀಸ್ ಕಾರ್ ಎಂಬ 14 ವರ್ಷದ ಹುಡುಗಿ ಸುಮಾರು 27 ಗಂಟೆ ಈಜಿ ದಾಟಿದಳು, ಕ್ಯಾನ್ಸರ್ ಬಂದ ಮಕ್ಕಳ ಶಿಬಿರಕ್ಕೆ ಹಣ ಕೂಡಿಸಲು. ಇಷ್ಟು ಚಿಕ್ಕವರು ಇಳಿಯಬಹುದೇ ಎಂದು ಕೇಳಿದರೆ, ಇಳಿಯಬಹುದು, ಎತ್ತಿಸುವ ಅಧಿಕಾರ ಇನ್ನೊಬ್ಬರ ಕೈಯಲ್ಲಿ ಭದ್ರವಾಗಿದ್ದರೆ ಎಂದು ನಾನು ಹೇಳುತ್ತೇನೆ. ಆ ಭದ್ರತೆ ಇಲ್ಲದಿದ್ದರೆ ನಲವತ್ತರ ಗಟ್ಟಿ ಆಳೂ ಇಳಿಯಕೂಡದು.

ಮೆರಿಲಿನ್ ಬೆಲ್ ಬಗ್ಗೆ ಹೆಚ್ಚು ಜನ ಹೇಳದ ಒಂದು ಸಂಗತಿ ಇದೆ. 1955ರಲ್ಲಿ, 17ನೇ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆ ದಾಟಿದ ಅತಿ ಕಿರಿಯಳಾದಳು. 1956ರಲ್ಲಿ ಕೆನಡಾದ ಪಶ್ಚಿಮ ತೀರದ ಹ್ವಾನ್ ಡಿ ಫೂಕಾ ಜಲಸಂಧಿಗೆ ಇಳಿದಳು. ಅಲ್ಲಿಯ ನೀರು ಆಂಟಾರಿಯೊಗಿಂತ ಬಹಳ ತಣ್ಣಗೆ. ಮೊದಲ ಪ್ರಯತ್ನ ಚಳಿಗೆ ಅರ್ಧಕ್ಕೇ ನಿಂತಿತು, ದೇಶದ ಅಚ್ಚುಮೆಚ್ಚಿನ ಆ ಹುಡುಗಿಯನ್ನು ದೋಣಿಗೆ ಎತ್ತಿಕೊಂಡರು. ಕೆಲವೇ ದಿನಗಳ ನಂತರ, ಅದೇ ಆಗಸ್ಟ್‌ನಲ್ಲಿ, ಮತ್ತೆ ಇಳಿದು ಹತ್ತೂವರೆ ಗಂಟೆಯ ಆಸುಪಾಸಿನಲ್ಲಿ ದಾಟಿದಳು. ಅದಾದ ಮೇಲೆ ದೊಡ್ಡ ಈಜುಗಳನ್ನು ಬಿಟ್ಟು, ಮದುವೆಯಾಗಿ ಅಮೆರಿಕಕ್ಕೆ ಹೋಗಿ, ಶಿಕ್ಷಕಿಯಾದರು.